ಚಾಲಕನ ನಿಯಂತ್ರಣ ತಪ್ಪಿ

ಕಬ್ಬಿನ ಹಂಗಾಮು ಶುರುವಾಗುವುದರೊಳಗೆ ಇದನ್ನು ಬರೆದು ಮುಗಿಸಬೇಕೆಂದು ಕೂತಿದ್ದೇವೆ. ಇನ್ನು ಕೆಲವು ದಿನ ಕಳೆದರೆ ಮುಧೋಳ, ಜಮಖಂಡಿ ಕಡೆಯ ರಸ್ತೆಗಳ ತುಂಬ ಎರಡೆರಡು ಡಬ್ಬಿ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು. ಅವುಗಳ ಹಿಂದೆಯೇ ನಮ್ಮ ಫೋನಿಗೆ ಅಪಘಾತದ ಫೋಟೊಗಳು. ಎಲ್ಲಿ, ಎಷ್ಟು ಗಂಟೆಗೆ, ಎಷ್ಟು ಜನ ಎಂದು ಕೇಳಿಕೊಂಡು ನಾಲ್ಕು ಸಾಲು ಟೈಪ್ ಮಾಡಿ ಕಳಿಸುತ್ತೇವೆ. ಅದರಲ್ಲಿ ಒಂದು ಸಾಲು ಮಾತ್ರ ಯಾವಾಗಲೂ ಒಂದೇ: ‘ಚಾಲಕನ ನಿಯಂತ್ರಣ ತಪ್ಪಿ ಟ್ರ್ಯಾಕ್ಟರ್ ಪಲ್ಟಿಯಾಗಿದೆ.’

ಹನ್ನೆರಡು ವರ್ಷದ ಸ್ಟ್ರಿಂಗರ್ ಕೆಲಸದಲ್ಲಿ ಆ ಸಾಲನ್ನು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಅದರ ಅರ್ಥ ಏನು ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವಂತೆ ಆದದ್ದು ಕಳೆದ ವರ್ಷ, ಅಮೆರಿಕದ ಕೊಲರಾಡೊ ರಾಜ್ಯದ ಒಂದು ಇಳಿಜಾರಿನಲ್ಲಿ.

ಅಮೆರಿಕ ಅಂದಕೂಡಲೇ ನಗಬೇಡಿ. ಸುದ್ದಿಗೆ ಇಷ್ಟು ಅಂತ ದುಡ್ಡು ಎಣಿಸಿಕೊಳ್ಳುವ ಸ್ಟ್ರಿಂಗರ್‌ಗೆ ಅಲ್ಲಿಗೆ ಹೋಗುವ ಯೋಗ್ಯತೆ ಎಲ್ಲಿಂದ ಬರಬೇಕು? ನಮ್ಮ ಅಕ್ಕ ಡೆನ್ವರ್ ಊರಿನ ಹೊರಗೆ ಇದ್ದಾಳೆ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಎರಡು ತಿಂಗಳು ಕರೆಸಿಕೊಳ್ಳಬೇಕು ಅಂತ ಅವಳ ಹಟ. ಅವ್ವ ಒಬ್ಬಳೇ ವಿಮಾನ ಹತ್ತಲಾರೆ ಅಂದಳು. ಟಿಕೆಟ್ ಅಕ್ಕನ ಗಂಡನದು, ಜೊತೆಗೆ ಹೋಗುವ ಕೆಲಸ ನಮ್ಮದು. ಅಕ್ಕನ ಗಂಡನಿಗೆ ನಾವು ಮಾವ ಅನ್ನುತ್ತೇವೆ. ಬೀಳಗಿ ಕಡೆಯವರು, ಸಾಫ್ಟ್‌ವೇರ್ ಕೆಲಸ.

ಮಾವ ಆಗಷ್ಟೇ ಹಳೆಯದೊಂದು ಕ್ಯಾಂಪರ್ ಕೊಂಡಿದ್ದರು. ಕ್ಯಾಂಪರ್ ಅಂದರೆ ಚಕ್ರದ ಮೇಲಿನ ಮನೆ. ಇಪ್ಪತ್ತು ಅಡಿ ಉದ್ದದ ಡಬ್ಬಿ. ಒಳಗೆ ಮಂಚ, ಗ್ಯಾಸ್ ಒಲೆ, ನೀರಿನ ಟಾಕಿ, ಸಣ್ಣದೊಂದು ಪಾಯಖಾನೆ. ಅದಕ್ಕೆ ಎಂಜಿನ್ ಇಲ್ಲ. ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಬೇಕು. ಅಲ್ಲಿ ಪಿಕಪ್ ಎಂದರೆ ನಮ್ಮ ಕಡೆ ಟೊಮೆಟೊ ತುಂಬುವ ಗಾಡಿಯಲ್ಲ. ಮುಂದೆ ಐದು ಜನ ಆರಾಮಾಗಿ ಕೂರುವ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ, ಜೀಪಿಗಿಂತ ಎತ್ತರ. ಮನೆಯ ಗಾಡಿಯೂ ಅದೇ, ದುಡಿಯುವ ಗಾಡಿಯೂ ಅದೇ.

ಬೇಸಿಗೆ ಬಂದರೆ ಅಲ್ಲಿಯ ಜನ ಇಂಥ ಡಬ್ಬಿ ಕಟ್ಟಿಕೊಂಡು ಕಾಡಿಗೆ ಹೋಗುತ್ತಾರೆ. ಕಾಡು ಅಂದರೆ ಗೇಟು, ಟಿಕೆಟ್, ಕ್ಯಾಂಟೀನು ಇರುವ ಜಾಗವಲ್ಲ. ನಮ್ಮ ಗೋಮಾಳವನ್ನು ನೆನಪಿಸಿಕೊಳ್ಳಿ, ಒತ್ತುವರಿ ಆಗುವುದಕ್ಕೆ ಮೊದಲಿನದು. ಅಲ್ಲಿ ಸರಕಾರದ ಅರಣ್ಯ ಇಲಾಖೆಯ ಕೈಯಲ್ಲಿ ಸುಮಾರು 19.3 ಕೋಟಿ ಎಕರೆ ಇದೆ. ಭೂ ನಿರ್ವಹಣೆಯ ಇನ್ನೊಂದು ಇಲಾಖೆಯ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ. ಅದರಲ್ಲಿ ಬಹಳಷ್ಟು ಕಡೆ ಯಾರು ಬೇಕಾದರೂ ಹೋಗಿ ಪುಕ್ಕಟೆ ಬಿಡಾರ ಹೂಡಬಹುದು. ಸಾಮಾನ್ಯವಾಗಿ ಒಂದು ಕಡೆ 14 ದಿನದ ಮಿತಿ. ಯಾವ ರಸ್ತೆಯಲ್ಲಿ ಗಾಡಿ ಹೋಗಬಹುದು ಎಂಬ ನಕಾಶೆಯನ್ನು ಅರಣ್ಯ ಇಲಾಖೆಯೇ ಪುಕ್ಕಟೆ ಕೊಡುತ್ತದೆ. ಆದರೆ ನಲ್ಲಿ ಇಲ್ಲ, ಕರೆಂಟ್ ಇಲ್ಲ, ಕಸದ ಡಬ್ಬಿ ಇಲ್ಲ. ಕುಡಿಯುವ ನೀರು ಒಯ್ಯಬೇಕು, ಹುಟ್ಟಿದ ಕಸ ತಿರುಗಿ ತರಬೇಕು. ಬಯಲಿಗೆ ಹೋದರೆ ನೀರಿನಿಂದ 200 ಅಡಿ ದೂರ, ಆರೆಂಟು ಇಂಚು ಆಳದ ಗುಂಡಿ ತೋಡಿ ಮುಚ್ಚಬೇಕು.

‘ಅಂದ್ರ ಇದು ಎಲ್ಲಮ್ಮನ ಜಾತ್ರಿ ಇದ್ದಾಂಗ’ ಅಂದಳು ಅವ್ವ. ತಪ್ಪೇನೂ ಹೇಳಲಿಲ್ಲ. ಚಕ್ಕಡಿಯ ಮೇಲೆ ತಾಡಪತ್ರಿ ಕಟ್ಟಿ, ರೊಟ್ಟಿ ಬುತ್ತಿ, ಹಾಸಿಗೆ, ಕೊಡ, ಕಟ್ಟಿಗೆ ತುಂಬಿಕೊಂಡು ಸವದತ್ತಿ ಗುಡ್ಡಕ್ಕೆ ಹೋಗಿ ಎರಡು ದಿನ ಚಕ್ಕಡಿ ಕೆಳಗೇ ಸಂಸಾರ ಮಾಡಿದವರಿಗೆ ಕ್ಯಾಂಪಿಂಗ್ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಶುಕ್ರವಾರ ಮಧ್ಯಾಹ್ನ ಹೊರಟೆವು. ಮಾವ, ಅಕ್ಕ, ಅವರ ಎಂಟು ವರ್ಷದ ಮಗ, ಅವ್ವ, ನಾವು. ಹೋಗಬೇಕಾದದ್ದು ಬ್ಯುನಾ ವಿಸ್ಟಾ ಎಂಬ ಊರಿನ ಹತ್ತಿರದ ಕಾಡಿಗೆ, ಸುಮಾರು 190 ಕಿಲೋಮೀಟರ್. ತುಂಬುವ ಕೆಲಸ ನಾವೂ ಮಾವನೂ ಸೇರಿ ಮಾಡಿದೆವು. ಕಾಡಿನಲ್ಲಿ ನೀರಿಲ್ಲವೆಂದು 150 ಲೀಟರ್ ಟಾಕಿ ಕಂಠಮಟ ತುಂಬಿಸಿದೆವು. ಜನರೇಟರ್, ಕಟ್ಟಿಗೆ, ಕುರ್ಚಿಗಳನ್ನು ಕ್ಯಾಂಪರಿನ ಹಿಂದಿನ ಕೋಣೆಗೆ ತಳ್ಳಿದೆವು, ಬಾಗಿಲು ಅಲ್ಲಿಯೇ ಇತ್ತಲ್ಲ. ಹುಡುಗನ ಸೈಕಲ್ಲು, ಮಾವನ ಸೈಕಲ್ಲು ಎರಡನ್ನೂ ಹಿಂಬದಿಯ ಸರಳಿಗೆ ಕಟ್ಟಿದೆವು. ಎಲ್ಲ ಅಚ್ಚುಕಟ್ಟಾಗಿ ಹಿಡಿಯಿತು. ಹಿಡಿಯಿತಲ್ಲ, ಮುಗಿಯಿತು ಅಂದುಕೊಂಡೆವು.

ಪಿಕಪ್ಪಿಗೆ ಡಬ್ಬಿ ಜೋಡಿಸುವುದನ್ನು ಮಾವ ಒಂದೊಂದಾಗಿ ತೋರಿಸಿದರು. ನಮ್ಮ ಟ್ರ್ಯಾಕ್ಟರ್‌ನಲ್ಲಿ ಹುಕ್ಕಿಗೆ ಪಿನ್ನು ಇಳಿಬಿಟ್ಟರೆ ಮುಗಿಯಿತು. ಕೆಲವು ಸಲ ಪಿನ್ನಿನ ಜಾಗದಲ್ಲಿ ಹಳೇ ಬೋಲ್ಟು. ಅಲ್ಲಿ ಉಕ್ಕಿನ ಗುಂಡಿನ ಮೇಲೆ ಕ್ಯಾಂಪರಿನ ಮೂಗು ಕೂರುತ್ತದೆ, ಮೇಲಿಂದ ಚಿಲಕ. ಆ ಮೂಗಿನ ಕೆಳಗೆ ಎರಡು ಸರಪಳಿಗಳನ್ನು ಕತ್ತರಿಯಂತೆ ಒಂದರ ಮೇಲೊಂದು ಹಾಯಿಸಿ ಕಟ್ಟುತ್ತಾರೆ. ಗುಂಡಿನಿಂದ ಕಳಚಿದರೆ ಮೂಗು ನೆಲಕ್ಕೆ ನಾಟದೆ ಆ ಸರಪಳಿಯ ತೊಟ್ಟಿಲಲ್ಲಿ ಬೀಳಲಿ ಎಂದು. ಏಳು ತಂತಿಯ ಒಂದು ಪ್ಲಗ್ಗು. ಹಿಂದಿನ ದೀಪ, ಇಂಡಿಕೇಟರ್ ಎಲ್ಲ ಅದರಿಂದ. ಇನ್ನೊಂದು ತೆಳು ತಂತಿ ಬೇರೆ. ಡಬ್ಬಿ ಪೂರಾ ಕಳಚಿಕೊಂಡು ಓಡಿದರೆ ಆ ತಂತಿ ಎಳೆದು, ಡಬ್ಬಿ ತನ್ನ ಬ್ರೇಕನ್ನು ತಾನೇ ಹಿಡಿಯುತ್ತದೆ.

‘ಡಬ್ಬಿಗೆ ಬ್ರೇಕ್ ಐತೇನ್ರಿ ಮಾವ?’ ಎಂದು ಕೇಳಿದೆವು.

‘ಇರ್ಲೇಬೇಕಲ್ಲ’ ಅಂದರು.

ಅಲ್ಲಿ ಹಲವು ರಾಜ್ಯಗಳಲ್ಲಿ 3,000 ಪೌಂಡ್, ಅಂದರೆ ಸುಮಾರು 1,360 ಕಿಲೋ ಮೀರಿದ ಟ್ರೇಲರ್‌ಗೆ ಅದರದೇ ಬ್ರೇಕ್ ಕಡ್ಡಾಯ. ಮಾವನ ಡಬ್ಬಿಯ ಗಾಲಿಗಳಲ್ಲಿ ಕರೆಂಟಿನ ಬ್ರೇಕ್ ಇತ್ತು. ಸ್ಟೇರಿಂಗ್ ಪಕ್ಕ ಸಣ್ಣದೊಂದು ಪೆಟ್ಟಿಗೆ, ಅದರಲ್ಲಿ ಬೆರಳಷ್ಟು ಹಿಡಿಕೆ. ಕಾಲಿನ ಬ್ರೇಕ್ ಒತ್ತಿದರೆ ಎರಡಕ್ಕೂ ಬೀಳುತ್ತದೆ. ಆ ಹಿಡಿಕೆ ಒತ್ತಿದರೆ ಡಬ್ಬಿಗೆ ಮಾತ್ರ ಬೀಳುತ್ತದೆ. ಡಬ್ಬಿಗೆ ಮಾತ್ರ ಯಾಕೆ ಬೇಕು ಎಂದು ನಮಗೆ ಹೊಳೆಯಲಿಲ್ಲ, ಕೇಳಲೂ ಇಲ್ಲ.

ಡೆನ್ವರ್ ಇರುವುದೇ 5,280 ಅಡಿ ಎತ್ತರದಲ್ಲಿ. ಅಲ್ಲಿಂದ 285ನೇ ನಂಬರಿನ ಹೆದ್ದಾರಿ ರಾಕಿ ಪರ್ವತದ ಒಳಗೆ ಏರುತ್ತದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್‌ಗೆ ಉಸಿರು ಸಾಲದು. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಶೇ 3ರಷ್ಟು ಕಸುವು ಕಳೆದುಕೊಳ್ಳುತ್ತದೆ ಎಂದು ಲೆಕ್ಕ. ಆದರೂ ಪಿಕಪ್ ಗುರುಗುಟ್ಟುತ್ತ ಏರಿತು. ‘ಎಂಥಾ ಗಾಡಿ ನೋಡು, ಎಳ್ಯೂದು ಗೊತ್ತಽ ಆಗೂದಿಲ್ಲ’ ಎಂದು ಮಾವ ಹೆಮ್ಮೆಪಟ್ಟರು. ನಾವೂ ಹೌದೆಂದೆವು. ಎಳೆಯುವುದೇ ಕಷ್ಟದ ಕೆಲಸ ಎಂಬ ನಂಬಿಕೆ ಇಬ್ಬರಿಗೂ.

ಬೇಲಿ ಎಂಬ ಊರಿಗಿಂತ ಮುಂಚೆ ಕ್ರೋ ಹಿಲ್ ಎಂಬ ಕಡಿದಾದ ಇಳಿಜಾರು ಇದೆ. ಅಲ್ಲಿ ಇಳಿಯುವಾಗ ಗಾಡಿ ಗಂಟೆಗೆ 95 ಕಿಲೋಮೀಟರ್ ಹತ್ತಿರವಿತ್ತು. ಎಡಗಡೆಯಿಂದ ದೊಡ್ಡದೊಂದು ಲಾರಿ ನಮ್ಮನ್ನು ದಾಟಿತು. ಅದರ ಗಾಳಿ ಬಡಿಯಿತು. ಮೊದಲು ಯಾರೋ ಹಿಂದಿನಿಂದ ಗಾಡಿಯ ಬೆನ್ನು ತಟ್ಟಿದಂತಾಯಿತು. ಆಮೇಲೆ ಇಡೀ ಪಿಕಪ್ ಎಡಕ್ಕೆ ಜಗ್ಗಿತು, ಮತ್ತೆ ಬಲಕ್ಕೆ. ಕನ್ನಡಿಯಲ್ಲಿ ನೋಡಿದರೆ ಕ್ಯಾಂಪರಿನ ಹಿಂಭಾಗ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಕಾಣುತ್ತಿದೆ. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಜಾಸ್ತಿ.

ಮಾವ ಬ್ರೇಕ್ ತುಳಿದರು. ಪಿಕಪ್ ತಡೆದುಕೊಂಡಿತು, ಡಬ್ಬಿ ತಡೆದುಕೊಳ್ಳಲಿಲ್ಲ. ನೂಕಾಟ ಇನ್ನೂ ಹೆಚ್ಚಾಯಿತು. ಅಕ್ಕ ಮಗನ ತಲೆಯನ್ನು ಎದೆಗೆ ಒತ್ತಿಕೊಂಡಳು. ಅವ್ವ ಎಲ್ಲಮ್ಮನ ಹೆಸರು ತೆಗೆದಳು. ಹದಿನಾಲ್ಕು ವರ್ಷಕ್ಕೇ ಟ್ರ್ಯಾಕ್ಟರ್ ಹೊಡೆದವರು ಎಂದು ಜಂಬಪಡುವ ನಾವು ಡ್ಯಾಶ್‌ಬೋರ್ಡ್ ಹಿಡಿದು ಕೂತಿದ್ದೆವು, ಬಾಯಿಂದ ಒಂದು ಮಾತೂ ಬರಲಿಲ್ಲ.

ಆಗ ಮಾವನಿಗೆ ಡಬ್ಬಿ ಮಾರಿದವನು ಹೇಳಿದ್ದು ನೆನಪಾಯಿತು. ಕಾಲು ಬ್ರೇಕಿನಿಂದ ತೆಗೆದರು, ಎಕ್ಸಲೇಟರ್ ಮುಟ್ಟಲಿಲ್ಲ, ಸ್ಟೇರಿಂಗನ್ನು ಆ ಕಡೆ ಈ ಕಡೆ ತಿರುವದೆ ನೆಟ್ಟಗೆ ಹಿಡಿದರು. ಬೆರಳಿನಿಂದ ಆ ಸಣ್ಣ ಹಿಡಿಕೆ ಒತ್ತಿದರು. ಡಬ್ಬಿಯ ಗಾಲಿಗಳು ಮಾತ್ರ ಬ್ರೇಕ್ ಹಿಡಿದವು. ಹಿಂದಿನಿಂದ ಯಾರೋ ಹಗ್ಗ ಹಿಡಿದು ಜಗ್ಗಿದಂತೆ ಡಬ್ಬಿ ಸೆಟೆದು ನೇರವಾಯಿತು. ಹೆಚ್ಚೆಂದರೆ ಹತ್ತು ಸೆಕೆಂಡಿನ ಕಥೆ.

ಬೇಲಿ ಊರಿನ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿದಾಗ ಮಾವನ ಕೈ ನಡುಗುತ್ತಿತ್ತು. ಪಕ್ಕದಲ್ಲಿ ನಮ್ಮದಕ್ಕಿಂತ ದೊಡ್ಡ ಕ್ಯಾಂಪರ್ ಕಟ್ಟಿದ್ದ ಮುದುಕರೊಬ್ಬರು ಇದ್ದರು. ನಮ್ಮ ಮುಖ ನೋಡಿಯೇ ಏನಾಗಿದೆ ಎಂದು ತಿಳಿದಿರಬೇಕು. ಹತ್ತಿರ ಬಂದು ಡಬ್ಬಿಯ ಸುತ್ತ ಒಂದು ಸುತ್ತು ಹಾಕಿ, ಹಿಂದಿನ ಸೈಕಲ್ಲುಗಳನ್ನು ನೋಡಿ, ಹಿಂದೆ ಇನ್ನೇನೇನು ತುಂಬಿದ್ದೀರಿ ಎಂದು ಕೇಳಿದರು. ತಮ್ಮ ಗಾಡಿಯಿಂದ ಸಣ್ಣದೊಂದು ತೂಕದ ಯಂತ್ರ ತಂದು ಕ್ಯಾಂಪರಿನ ಮೂಗಿನ ಕೆಳಗಿಟ್ಟರು. 300 ಪೌಂಡ್ ತೋರಿಸಿತು.

ಅವರು ಹೇಳಿದ ಲೆಕ್ಕ ಇದು. ಡಬ್ಬಿಯ ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಭಾರ ಮೂಗಿನ ಮೇಲೆ, ಅಂದರೆ ಎಳೆಯುವ ಗಾಡಿಯ ಮೇಲೆ ಕೂರಬೇಕು. ನಮ್ಮ ಡಬ್ಬಿ ತುಂಬಿದ ಮೇಲೆ ಸುಮಾರು 5,000 ಪೌಂಡ್. ಹಾಗಾದರೆ ಮೂಗಿನ ಮೇಲೆ ಕನಿಷ್ಠ 500 ಪೌಂಡ್ ಬೇಕು. ಇದ್ದದ್ದು 300, ಬರೀ ಶೇ 6. ಗಾಲಿಗಿಂತ ಹಿಂದೆ ಭಾರ ಹೆಚ್ಚಾದರೆ ಡಬ್ಬಿಯ ಬಾಲ ತೂಗಾಡತೊಡಗುತ್ತದೆ. ಒಮ್ಮೆ ಶುರುವಾದರೆ ವೇಗ ಇರುವ ತನಕ ಅದು ತಾನಾಗಿ ನಿಲ್ಲುವುದಿಲ್ಲ. ನಮ್ಮ ಡಬ್ಬಿಯ ನೀರಿನ ಟಾಕಿ ಕೂಡ ಗಾಲಿಯ ಹಿಂದೆಯೇ ಇತ್ತು. 150 ಲೀಟರ್ ಎಂದರೆ 150 ಕಿಲೋ.

ಮಾವ ಇದನ್ನು ಕನ್ನಡದಲ್ಲಿ ಹೇಳುತ್ತಿದ್ದಾಗ ಅವ್ವ ನಡುವೆ ಬಾಯಿ ಹಾಕಿದಳು. ‘ಇದಕ್ಕ ಯಂತ್ರ ಯಾಕ? ಚಕ್ಕಡಿ ಹಿಂದ ಭಾರ ಆದ್ರ ನೊಗ ಮ್ಯಾಲೆ ಏಳ್ತೈತಿ, ಎತ್ತಿನ ಕೊರಳು ಬಿಗೀತೈತಿ. ಮುಂದ ಭಾಳ ಆದ್ರ ಎತ್ತು ಕುಸೀತಾವ. ನಿಮ್ಮಪ್ಪ ಕಣಕಿ ಹೇರುವಾಗ ನೊಗ ಎತ್ತಿ ಎತ್ತಿ ನೋಡ್ತಿದ್ದ.’

ನಿಜ. ಅಪ್ಪ ಚಕ್ಕಡಿ ಹೇರಿದ ಮೇಲೆ ನೊಗಕ್ಕೆ ಕೈ ಕೊಟ್ಟು ಒಮ್ಮೆ ಎತ್ತಿ ನೋಡದೆ ಎತ್ತು ಹೂಡುತ್ತಿರಲಿಲ್ಲ. ಸಣ್ಣವರಿದ್ದಾಗ ದಿನಾ ನೋಡಿದ್ದನ್ನು ನಾವು ಮರೆತಿದ್ದೆವು.

ಪಂಪಿನ ಪಕ್ಕದಲ್ಲೇ ನೀರು ಬಿಟ್ಟೆವು, ಮುಂದೆ ಬ್ಯುನಾ ವಿಸ್ಟಾದಲ್ಲಿ ಕ್ಯಾನುಗಳಲ್ಲಿ ತುಂಬಿಕೊಂಡರಾಯಿತು. ಜನರೇಟರ್, ಕಟ್ಟಿಗೆ ಪಿಕಪ್ಪಿನ ತೊಟ್ಟಿಗೆ ಬಂದವು. ಸೈಕಲ್ಲುಗಳನ್ನು ಡಬ್ಬಿಯೊಳಗೆ ಮುಂದಿನ ಗೋಡೆಗೆ ಕಟ್ಟಿದೆವು. ಮತ್ತೆ ತೂಗಿದರೆ 560 ಪೌಂಡ್. ಆ ಮುದುಕರು ಅಷ್ಟಕ್ಕೇ ಬಿಡಲಿಲ್ಲ. ಪಿಕಪ್ಪಿನ ಬಾಗಿಲು ತೆರೆದು ಕಂಬದ ಮೇಲೆ ಅಂಟಿಸಿದ್ದ ಚೀಟಿ ತೋರಿಸಿದರು. ಜನ, ಸಾಮಾನು ಎಲ್ಲ ಸೇರಿ ಆ ಗಾಡಿ ಹೊರಬಹುದಾದದ್ದು ಸುಮಾರು 680 ಕಿಲೋ. ಎಷ್ಟು ಎಳೆಯಬಹುದು ಎಂಬ ಲೆಕ್ಕ ಬೇರೆ, ಎಷ್ಟು ಹೊರಬಹುದು ಎಂಬ ಲೆಕ್ಕ ಬೇರೆ. ಮೂಗಿನ ಭಾರವೂ ಹೊರುವ ಲೆಕ್ಕಕ್ಕೇ ಸೇರಬೇಕು. ನಾವು ಐದು ಜನ ಸುಮಾರು 300, ಮೂಗು 255, ಜನರೇಟರು ಕಟ್ಟಿಗೆ 75. ಒಟ್ಟು 630. ಸ್ವಲ್ಪದರಲ್ಲಿ ಪಾರು. ಎರಡು ವರ್ಷದಿಂದ ಆ ಗಾಡಿ ಓಡಿಸುತ್ತಿದ್ದ ಮಾವ ಆ ಚೀಟಿಯನ್ನು ಓದಿಯೇ ಇರಲಿಲ್ಲ. ಅಮೆರಿಕದಲ್ಲಿ ಎಲ್ಲರೂ ಎಲ್ಲ ನಿಯಮ ಓದಿಕೊಂಡಿರುತ್ತಾರೆ ಎಂಬ ಭ್ರಮೆ ನಿಮಗಿದ್ದರೆ ಬಿಡಿ.

ಆಮೇಲೆ ಮಾವ 80 ದಾಟಿಸಲಿಲ್ಲ. ಇಳಿಜಾರು ಬರುವ ಮೊದಲೇ ಸಣ್ಣ ಗೇರಿಗೆ ಹಾಕಿ, ಎಂಜಿನ್ನೇ ಗಾಡಿಯನ್ನು ತಡೆಯುವಂತೆ ಮಾಡಿದರು. 10,000 ಅಡಿ ಎತ್ತರದ ಕೆನೋಶಾ ಕಣಿವೆದಾರಿ ಏರಿ ಆಚೆ ಇಳಿದರೆ ಸೌತ್ ಪಾರ್ಕ್ ಎಂಬ ಬಯಲು, ಕಣ್ಣು ಹಾಯುವವರೆಗೆ ಹುಲ್ಲು. ಹೊತ್ತು ಮುಳುಗುವ ಹೊತ್ತಿಗೆ ಬ್ಯುನಾ ವಿಸ್ಟಾ. ಎದುರಿಗೆ 14,000 ಅಡಿ ಮೀರಿದ ಮೌಂಟ್ ಪ್ರಿನ್ಸ್‌ಟನ್, ಊರ ಪಕ್ಕದಲ್ಲೇ ಅರ್ಕಾನ್ಸಾ ನದಿ.

ಕಾಡಿನ ಕಚ್ಚಾ ರಸ್ತೆಯಲ್ಲಿ ಮರಗಳ ನಡುವೆ ಒಂದು ಜಾಗ ಸಿಕ್ಕಿತು. ಡಬ್ಬಿಯನ್ನು ಹಿಮ್ಮುಖವಾಗಿ ಒಳಗೆ ಬಿಡಬೇಕು. ಮಾವ ನಾಲ್ಕು ಸಲ ಯತ್ನಿಸಿದರು, ನಾಲ್ಕು ಸಲವೂ ಡಬ್ಬಿ ಅಡ್ಡ ತಿರುಗಿತು. ಅಂತೂ ನಮಗೆ ಗೊತ್ತಿದ್ದ ಒಂದು ವಿದ್ಯೆಗೆ ಕೆಲಸ ಬಂತು. ‘ಸ್ಟೇರಿಂಗ್ ಮ್ಯಾಲೆ ಹಿಡೀಬ್ಯಾಡ್ರಿ ಮಾವ, ಕೆಳಗ ಹಿಡೀರಿ. ಡಬ್ಬಿ ಯಾ ಕಡೆ ಹೋಗ್ಬೇಕೋ ಕೈ ಆ ಕಡೆ ಒಯ್ಯಿರಿ. ಸಾವಕಾಶ.’ ಐದನೇ ಸಲ ಡಬ್ಬಿ ಕೊಟ್ಟಿಗೆಗೆ ಹೋಗುವ ಎಮ್ಮೆಯಂತೆ ಸೀದಾ ಒಳಗೆ ಹೋಯಿತು. ಇದನ್ನು ಕಲಿಸಿದವನು ಅಪ್ಪ. ಕಣದಲ್ಲಿ ಖಾಲಿ ಟ್ರೇಲರ್ ಕಟ್ಟಿ, ಪಕ್ಕದ ಮಡ್‌ಗಾರ್ಡ್ ಮೇಲೆ ಕೂತು ಕಲಿಸಿದ್ದ.

ಗಾಲಿಗಳಿಗೆ ಹಿಂದೆ ಮುಂದೆ ಕಟ್ಟಿಗೆಯ ಗುಪ್ಪೆ ಕೊಟ್ಟೇ ಡಬ್ಬಿಯನ್ನು ಪಿಕಪ್ಪಿನಿಂದ ಬಿಡಿಸಿದೆವು. ಮೊದಲು ಬಿಡಿಸಿ ಆಮೇಲೆ ಗುಪ್ಪೆ ಹುಡುಕಿದವರ ಡಬ್ಬಿ ಅಷ್ಟರಲ್ಲಿ ಉರುಳಿರುತ್ತದೆ. ಆ ವಾರ ಬೆಂಕಿ ಹಾಕಲು ನಿರ್ಬಂಧ ಇರಲಿಲ್ಲ. ಅವ್ವ ಊರಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದಳು. ಮಿಕ್ಕದ್ದನ್ನು ಕರಡಿಗೆ ವಾಸನೆ ಹತ್ತದಂತೆ ಭದ್ರ ಮಾಡಿ ಇಟ್ಟದ್ದಾಯಿತು. ಅಕ್ಕ, ಹುಡುಗ, ಮಾವ ಮಲಗಿದರು. ಅವ್ವನೂ ನಾವೂ ಬೆಂಕಿಯ ಹತ್ತಿರ ಕೂತೆವು.

‘ನಿಮ್ಮಪ್ಪನೂ ಇದನ್ನ ಅಂದಿದ್ದ’ ಅಂದಳು ಅವ್ವ. ‘ಹಿಂದಿಂದು ನೂಕ್ತು ಅಂದಿದ್ದ.’

ಅಪ್ಪ ಇನ್ನೊಬ್ಬರ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ನಾವು ಸ್ಟ್ರಿಂಗರ್ ಆಗಿ ಮೂರು ತಿಂಗಳಾಗಿತ್ತು. ಒಂದು ರಾತ್ರಿ ಎರಡು ಡಬ್ಬಿ ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೊರಟವನು ಹಳ್ಳದ ಇಳಿಜಾರಿನಲ್ಲಿ ಉರುಳಿದ. ಟ್ರ್ಯಾಕ್ಟರ್ ಅಡ್ಡ ತಿರುಗಿ, ಮೊದಲ ಡಬ್ಬಿ ಅದರ ಮೇಲೆ ಬಂದಿತ್ತು. ಅಪ್ಪನ ಬಲಗಾಲು ಜಜ್ಜಿಹೋಗಿತ್ತು. ಆಸ್ಪತ್ರೆಯ ಹೊರಗೆ ನಿಂತು ನಾವೇ ಸುದ್ದಿ ಕಳಿಸಿದೆವು. ಬೇರೆ ಪತ್ರಿಕೆಗೆ ಮೊದಲು ಹೋಗಬಾರದು ಎಂಬ ಹುರುಪು, ಸ್ವಂತ ಅಪ್ಪನ ಸುದ್ದಿ ಆದರೂ. ಅಪ್ಪನ ಹತ್ತಿರ ಹೋಗಿ ಏನಾಯಿತು ಎಂದು ಕೇಳಿದಾಗ ಅವನು ಹೇಳಿದ್ದು ಎರಡೇ ಮಾತು: ‘ನಾ ಬಿಟ್ಟಿಲ್ಲೋ. ಹಿಂದಿಂದು ನೂಕ್ತು.’ ಅದನ್ನು ಸುದ್ದಿಯಲ್ಲಿ ಹೇಗೆ ಬರೆಯುವುದು? ಹಾಗೆ ಯಾರೂ ಬರೆಯುವುದಿಲ್ಲ. ನಾವು ಬರೆದೆವು: ‘ಚಾಲಕನ ನಿಯಂತ್ರಣ ತಪ್ಪಿ.’

ನಮಗೆ ಗೊತ್ತಿದ್ದದ್ದು ಇಷ್ಟು. ಗೊತ್ತಿಲ್ಲದ್ದನ್ನು ಅವ್ವ ಆ ಬೆಂಕಿಯ ಮುಂದೆ ಹೇಳಿದಳು.

ಕಾಲಿನ ಆಪರೇಷನ್ನಿಗೆ ರೊಕ್ಕ ಕೇಳಲು ಅವ್ವ ಟ್ರ್ಯಾಕ್ಟರ್ ಮಾಲಕರ ಮನೆಗೆ ಹೋಗಿದ್ದಳಂತೆ. ಅವರು ಪೇಪರಿನ ತುಂಡು ಮುಂದೆ ಹಿಡಿದರಂತೆ. ‘ನಿನ್ನ ಮಗಾನ ಬರದಾನಲ್ಲವಾ, ಡ್ರೈವರನ ನಿಯಂತ್ರಣ ತಪ್ಪೇತಿ ಅಂತ. ತಪ್ಪು ಅವಂದು. ನಾ ಯಾಕ ಕೊಡ್ಲಿ?’ ಅವ್ವನಿಗೆ ಓದು ಬರದು. ಪಕ್ಕದ ಮನೆಯ ಹುಡುಗಿಯಿಂದ ಓದಿಸಿದರೆ ಅದೇ ಇತ್ತು. ಕೊರಳಿನದು ಮಾರಿ ಆಪರೇಷನ್ ಮಾಡಿಸಿದಳು. ಬೋರಮಾಳ ಕೆಟ್ಟಿತ್ತು, ಅಕ್ಕಸಾಲಿಗನ ಹತ್ತಿರ ಕೊಟ್ಟೀನಿ ಎಂದು ನಮಗೆ ಹೇಳಿದ್ದಳು. ನಾವು ನಂಬಿದ್ದೆವು.

‘ನನಗ ಯಾಕ ಹೇಳಲಿಲ್ಲವಾ?’

‘ನಿಮ್ಮಪ್ಪ ಹೇಳಬ್ಯಾಡ ಅಂದ. ಹುಡುಗ ಈಗರ ಬರಿಯಾಕ ಹತ್ಯಾನ, ಕೈ ನಿಂತೀತು ಅಂದ.’

ಅವ್ವ ಬೆಂಕಿಗೆ ಇನ್ನೊಂದು ಕಟ್ಟಿಗೆ ಸರಿಸಿದಳು. ಬೈಯಬೇಕೆಂದು ಹೇಳಿದ್ದಲ್ಲ. ಮಧ್ಯಾಹ್ನ ಡಬ್ಬಿ ನೂಕಿದ್ದು ನೋಡಿ ಗಂಡನ ಮಾತು ನೆನಪಾಗಿ ಹೇಳಿದಳು, ಅಷ್ಟೇ. ಅವಳು ಮಲಗಲು ಹೋದ ಮೇಲೂ ನಾವು ಬಹಳ ಹೊತ್ತು ಅಲ್ಲೇ ಕೂತಿದ್ದೆವು. ಕ್ರೋ ಹಿಲ್‌ನಲ್ಲಿ ಸೊಂಟಕ್ಕೆ ಬಡಿದ ಆ ನೂಕು ಇನ್ನೂ ಮೈಯಲ್ಲಿತ್ತು. ಹನ್ನೆರಡು ವರ್ಷದ ಹಿಂದೆ ಅಪ್ಪ ಹೇಳಿದ್ದು ಆಗ ತಿಳಿಯಿತು.

ಲೆಕ್ಕ ಹಾಕಿ ನೋಡಿ. ಮಾವನ ಪಿಕಪ್ಪಿಗೂ ಅದರ ಡಬ್ಬಿಗೂ ತೂಕ ಹೆಚ್ಚುಕಡಿಮೆ ಸಮ, ಎರಡು ಟನ್ ಚಿಲ್ಲರೆ. ಅದರ ಡಬ್ಬಿಗೆ ಬ್ರೇಕ್ ಇತ್ತು, ಸರಪಳಿ ಇತ್ತು, ದೀಪ ಇತ್ತು. ಆದರೂ ಅದು ನಮ್ಮನ್ನು ಆಡಿಸಿತು. ನಮ್ಮ ಟ್ರ್ಯಾಕ್ಟರ್ ತೂಕವೂ ಎರಡು ಟನ್ ಚಿಲ್ಲರೆಯೇ. ಹಿಂದೆ ಎರಡು ಡಬ್ಬಿಯಲ್ಲಿ ಹದಿನೈದು ಇಪ್ಪತ್ತು ಟನ್ ಕಬ್ಬು. ನಮ್ಮ ಭಾಗದಲ್ಲಿ ನಾವು ನೋಡಿದ ಡಬ್ಬಿಗಳಲ್ಲಿ ಹೆಚ್ಚಿನವಕ್ಕೆ ಬ್ರೇಕೇ ಇಲ್ಲ. ಏರಿನಲ್ಲಿ ಟ್ರ್ಯಾಕ್ಟರ್ ಡಬ್ಬಿಯನ್ನು ಎಳೆಯುತ್ತದೆ. ಇಳಿಜಾರಿನಲ್ಲಿ ಡಬ್ಬಿಯೇ ಟ್ರ್ಯಾಕ್ಟರನ್ನು ನೂಕುತ್ತದೆ. ಅಷ್ಟು ಭಾರವನ್ನು ಟ್ರ್ಯಾಕ್ಟರಿನ ಎರಡು ಹಿಂಗಾಲಿಗಳ ಬ್ರೇಕ್ ತಡೆಯಬೇಕು. ಆ ಇಳಿಜಾರಿನಲ್ಲಿ ಅಪ್ಪನ ಕೈಯಲ್ಲಿ ಯಾವ ನಿಯಂತ್ರಣ ಇತ್ತು, ತಪ್ಪಲು? ಅದು ತಪ್ಪಿದ್ದು ಹಳ್ಳದ ದಂಡೆಯಲ್ಲಲ್ಲ. ಹೊಲದಲ್ಲಿ ಹೇರುವಾಗ, ಬ್ರೇಕಿಲ್ಲದ ಡಬ್ಬಿ ಕೊಳ್ಳುವಾಗ, ಇನ್ನೊಂದು ಖೇಪು ಹೊಡಿ ಎಂದು ರಾತ್ರಿ ನಿದ್ದೆಗೆಟ್ಟವನನ್ನು ಕಳಿಸುವಾಗಲೇ ತಪ್ಪಿತ್ತು. ಆ ಮೂರರಲ್ಲಿ ಎರಡು ಅಪ್ಪನ ಕೈಯಲ್ಲಿ ಇರಲಿಲ್ಲ.

ಊರಿಗೆ ಬಂದ ಮೇಲೆ ಒಂದು ನಿರ್ಧಾರ ಮಾಡಿದ್ದೇವೆ. ಆ ಸಾಲನ್ನು ಬರೆಯುವುದಿಲ್ಲ. ಅಪಘಾತದ ಜಾಗಕ್ಕೆ ಹೋದರೆ ಈಗ ಬೇರೆ ಪ್ರಶ್ನೆ ಕೇಳುತ್ತೇವೆ. ಡಬ್ಬಿ ಒಂದೋ ಎರಡೋ? ಬ್ರೇಕ್ ಇತ್ತೇ? ಹುಕ್ಕಿನಲ್ಲಿ ಪಿನ್ನು ಇತ್ತೇ, ಬೋಲ್ಟು ಇತ್ತೇ? ಹಿಂದೆ ದೀಪ, ರಿಫ್ಲೆಕ್ಟರ್ ಇತ್ತೇ? ಗಾಡಿ ಗೇರಿನಲ್ಲಿತ್ತೇ? ಡ್ರೈವರ್ ಎಷ್ಟು ತಾಸು ಮಲಗಿದ್ದ? ಉತ್ತರ ಸಿಕ್ಕಷ್ಟನ್ನು ಬರೆಯುತ್ತೇವೆ. ಡೆಸ್ಕಿನವರು ಜಾಗವಿಲ್ಲ ಎಂದು ಕತ್ತರಿಸಿ, ತಾವೇ ‘ನಿಯಂತ್ರಣ ತಪ್ಪಿ’ ಸೇರಿಸಿದ್ದೂ ಇದೆ. ಆಗ ಫೋನ್ ಮಾಡಿ ಜಗಳ ಆಡುತ್ತೇವೆ. ಕೆಲವು ಸಲ ಗೆಲ್ಲುತ್ತೇವೆ.

ಟ್ರ್ಯಾಕ್ಟರ್ ಹೊಡೆಯುವವರು ಇದನ್ನು ಓದುತ್ತಿದ್ದರೆ ನಾಲ್ಕು ಮಾತು. ಡೀಸೆಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ. ಇಳಿಯುವ ಮೊದಲೇ ಸಣ್ಣ ಗೇರಿಗೆ ಹಾಕಿ, ನಡುವೆ ಗೇರು ಬದಲಿಸಲು ಹೋಗಬೇಡಿ. ಹೊಲದಲ್ಲಿ ಬಿಡಿಸಿದ ಎರಡು ಬ್ರೇಕ್ ಪೆಡಲ್‌ಗಳನ್ನು ರಸ್ತೆಗೆ ಬರುವ ಮುನ್ನ ಜೋಡಿಸಿ ಲಾಕ್ ಮಾಡಿ, ಒಂದೇ ಗಾಲಿಗೆ ಬ್ರೇಕ್ ಬಿದ್ದರೆ ಗಾಡಿ ಅಲ್ಲೇ ತಿರುಗುತ್ತದೆ. ಹೇರುವಾಗ ಭಾರ ಹಿಂದಕ್ಕೆ ಜೋಲುವಂತೆ ಹೇರಬೇಡಿ. ಮತ್ತೆ ಜಾತ್ರೆಗಾಗಲಿ ಮದುವೆಗಾಗಲಿ ಡಬ್ಬಿಯಲ್ಲಿ ಜನ ತುಂಬಬೇಡಿ. ಅದು ಕಾನೂನಿಗೆ ವಿರುದ್ಧ ಎಂಬುದು ಒಂದು, ಇಳಿಜಾರಿನಲ್ಲಿ ನೂಕುವ ಭಾರ ನಿಮ್ಮ ಮನೆಯ ಮಕ್ಕಳೇ ಆಗಿರುತ್ತಾರೆ ಎಂಬುದು ಇನ್ನೊಂದು.

ಮಾಲಕರು ಓದುತ್ತಿದ್ದರೆ ಒಂದೇ ಮಾತು. ಹೊಸ ಡಬ್ಬಿ ಮಾಡಿಸುವಾಗ ಬ್ರೇಕಿನ ಖರ್ಚು ಕೇಳಿ. ಆಮೇಲೆ ಒಂದು ಕಾಲಿನ ಆಪರೇಷನ್ನಿನ ಖರ್ಚನ್ನೂ ಕೇಳಿ.

ಮಾವ ಈಗಲೂ ಪ್ರತಿ ಬೇಸಿಗೆ ಕಾಡಿಗೆ ಹೋಗುತ್ತಾರೆ. ಮೂಗು ತೂಗುವ ಯಂತ್ರ ತಾವೂ ಒಂದು ಕೊಂಡಿದ್ದಾರೆ. ಹೊರಡುವ ಮೊದಲು ವಿಡಿಯೊ ಕಾಲ್ ಮಾಡಿ ಅವ್ವನಿಗೆ ಅದರ ಮುಳ್ಳು ತೋರಿಸುತ್ತಾರೆ. ಅವ್ವನಿಗೆ ಪೌಂಡಿನ ಲೆಕ್ಕ ತಿಳಿಯದು. ‘ನೊಗ ಎತ್ತಿ ನೋಡೀರಿಲ್ಲೋ?’ ಎಂದು ಮಾತ್ರ ಕೇಳುತ್ತಾಳೆ. ನೋಡೀನ್ರಿ ಅತ್ತಿ ಅನ್ನುತ್ತಾರೆ ಮಾವ. ಹಂಗಾದ್ರ ಹೋ‌ಗ್ರಿ ಅನ್ನುತ್ತಾಳೆ.